ಲಿನಕ್ಸ್ ಕಂಪ್ಯೂಟರ್ ಆಫ್ ಆಗುತ್ತಿಲ್ಲವೇ? ತಡೆದು ನಿಂತ ಪ್ರೋಗ್ರಾಮನ್ನು ಹುಡುಕುವ ಸಮಗ್ರ ಮಾರ್ಗದರ್ಶಿ

ತುಲಾ ತಿಂಗಳ ಸಂಜೆ ನಾಲ್ಕು ಗಂಟೆ. ಘಟ್ಟದ ಕಡೆಯಿಂದ ಕಪ್ಪು ಮೋಡ ಏರಿ ಬರುತ್ತದೆ. ಮುಂದೆ ಏನು ಎಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಮೊದಲ ಗುಡುಗು ಕೇಳಿದ ಕೂಡಲೇ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ತೆಗೆಯಬೇಕು. ಅಂಥ ಒಂದು ದಿನ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಿಂದ ಟೀಚರೊಬ್ಬರು ನನಗೆ ಫೋನ್ ಮಾಡಿದರು.

"ಮಾಷ್ಟ್ರೇ, ಆಫ್ ಒತ್ತಿ ಆಗಲೇ ಒಂದು ನಿಮಿಷ ಆಯ್ತು. ಕಪ್ಪು ಪರದೆಯಲ್ಲಿ ಕೆಂಪು ನಕ್ಷತ್ರ ಆಚೆ ಈಚೆ ಓಡ್ತಾ ಉಂಟು. ದಿನಾ ಹೀಗೇ. ಪ್ಲಗ್ ಎಳೀಲಾ?"

"ಎಳೀಬೇಡಿ ಟೀಚರ್. ಮೊಬೈಲಿನಲ್ಲಿ ಒಂದು ಫೋಟೋ ತೆಗೀರಿ. ಇನ್ನು ಅರ್ಧ ನಿಮಿಷ ನೋಡಿ" ಎಂದೆ. ಅರ್ಧ ನಿಮಿಷದಲ್ಲಿ ಅದು ತಾನಾಗಿ ಆಫ್ ಆಯಿತು. ಆ ಫೋಟೋದಲ್ಲಿದ್ದ ಒಂದು ಸಾಲಿನಿಂದಲೇ ಕಾರಣವೂ ಸಿಕ್ಕಿತು. ಅದನ್ನು ಹುಡುಕಿದ ಕ್ರಮವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದು ಜಾಸ್ತಿ ಜನರಿಗೆ ಬೇಕಾಗುವ ವಿಷಯ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸಿನಲ್ಲಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾದ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆ ಆಯಿತು. ಅವರು ಶಾಲೆಗಳಿಗೆ ಕೊಡುವ ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ್ದು. ಹಾಗಾಗಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಲಿನಕ್ಸ್ ಮುಟ್ಟಿದ ಮಕ್ಕಳಿದ್ದಾರೆ, ಅದನ್ನು ನೋಡಿಕೊಳ್ಳುವ ಟೀಚರುಗಳಿದ್ದಾರೆ. ನಾನು ಬರೆದಿರುವುದು ಉಬುಂಟು ಮತ್ತು ಅದರ ಬಳಗದ ಲಿನಕ್ಸಿಗೆ. ಡೆಬಿಯನ್, ಫೆಡೋರಾಗಳಿಗೂ ಬಹುಪಾಲು ಹೊಂದುತ್ತದೆ.

ಒಳಗೆ ನಡೆಯುವುದೇನು

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಗಳ ಹಾಡಿದ ಕೂಡಲೇ ಚೌಕಿಯ ದೀಪ ಆರಿಸುವುದಿಲ್ಲ. ಕಿರೀಟ ಬಿಚ್ಚಬೇಕು, ಬಣ್ಣ ತೆಗೆಯಬೇಕು, ಪೆಟ್ಟಿಗೆ ತುಂಬಬೇಕು. ಎಲ್ಲರದ್ದೂ ಆದ ಮೇಲೆ ದೀಪ. ಲಿನಕ್ಸಿನಲ್ಲಿ ಈ ಉಸ್ತುವಾರಿ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮಿನದು. ಕಂಪ್ಯೂಟರ್ ಆನ್ ಆದಾಗ ಮೊದಲು ಏಳುವುದೂ ಅದೇ, ಅದರ ನಂಬರ್ 1. ನೀವು ಆಫ್ ಒತ್ತಿದಾಗ ಅದು ಓಡುತ್ತಿರುವ ಒಂದೊಂದು ಪ್ರೋಗ್ರಾಮಿಗೂ ಸಿಗ್‌ಟರ್ಮ್ ಎಂಬ ಸೂಚನೆ ಕಳಿಸುತ್ತದೆ. 'ಕೆಲಸ ಮುಗಿಸಿ ಹೊರಡು' ಎಂದು ಅರ್ಥ. ಹೆಚ್ಚಿನವು ಒಂದೆರಡು ಸೆಕೆಂಡಿನಲ್ಲಿ ಹೊರಡುತ್ತವೆ. ಒಂದು ಹೊರಡದಿದ್ದರೆ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾಯುತ್ತದೆ. ಆಮೇಲೆ ಸಿಗ್‌ಕಿಲ್ ಕಳಿಸುತ್ತದೆ. ಅದು ಕೇಳುವ ಸೂಚನೆಯಲ್ಲ, ಎಬ್ಬಿಸಿ ಹೊರಗೆ ಹಾಕುವುದು.

ಕೆಂಪು ನಕ್ಷತ್ರ ಓಡುವ ಆ ಒಂದೂವರೆ ನಿಮಿಷ ಕಂಪ್ಯೂಟರ್ ಕೆಟ್ಟು ನಿಂತಿಲ್ಲ. ಅದು ಯಾರಿಗಾಗಿಯೋ ಕಾಯುತ್ತಿದೆ. ಯಾರಿಗಾಗಿ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಆ ಹೆಸರೇ ಕಳೆದುಹೋಗಬಹುದು. ಯಾಕೆಂದರೆ ಲಾಗ್, ಅಂದರೆ ಒಳಗೆ ನಡೆದದ್ದರ ದಾಖಲೆ, ಬರೆಯುವ ಪ್ರೋಗ್ರಾಮು ಸಾಮಾನ್ಯ ಸಾಲುಗಳನ್ನು ಡಿಸ್ಕಿಗೆ ಗಟ್ಟಿಯಾಗಿ ಇಳಿಸುವುದು ಐದು ನಿಮಿಷಕ್ಕೊಮ್ಮೆ. ಕೊನೆಯ ಕ್ಷಣದ ಸಾಲುಗಳು ಇನ್ನೂ ಮೆಮೊರಿಯಲ್ಲೇ ಇದ್ದರೆ ಕರೆಂಟಿನ ಜೊತೆ ಅವೂ ಹೋಗುತ್ತವೆ. ಕಾರಣ ಹುಡುಕುವ ದಿನವಾದರೂ ಆ ಒಂದೂವರೆ ನಿಮಿಷ ಕೊಡಿ.

ಆಜ್ಞೆಗಳನ್ನು ಬರೆಯುವ ಬಗೆ

ಫೋನಿನಲ್ಲಿ ಟೀಚರಿಗೆ ಹೇಳಿ ಬರೆಸುವಂತೆಯೇ ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೆಯಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ನಾನೇ ಹೇಳುತ್ತೇನೆ. ನಾಲ್ಕು ಪದಗಳ ಸ್ಪೆಲಿಂಗ್ ಮೊದಲೇ ತಿಳಿದಿರಲಿ. ಸಿಸ್ಟಮ್‌ಸಿಟಿಎಲ್ ಎಂದರೆ 'ಸಿಸ್ಟಮ್' ಪದಕ್ಕೆ ಅಂಟಿಸಿ ಸಿ, ಟಿ, ಎಲ್. ಜರ್ನಲ್‌ಸಿಟಿಎಲ್, ಲಾಗಿನ್‌ಸಿಟಿಎಲ್ ಕೂಡ ಹಾಗೆಯೇ, ಆದರೆ ಕೊನೆಯದರಲ್ಲಿ ಎಲ್, ಒ, ಜಿ, ಐ, ಎನ್ ಆದ ಕೂಡಲೇ ಸಿ, ಟಿ, ಎಲ್. ಸಿಸ್ಟಮ್‌ಡಿ ಎಂದರೆ 'ಸಿಸ್ಟಮ್' ಪದಕ್ಕೆ ಡಿ. ನಡುವೆ ಗೆರೆ ಕಂಡಲ್ಲಿ ಗೆರೆ ಹಾಕಿ, ಜಾಗ ಕಂಡಲ್ಲಿ ಜಾಗ ಬಿಡಿ.

ಹೆಜ್ಜೆ 1: ಪರದೆಯನ್ನು ಓದಿ

ಆಫ್ ಆಗುವಾಗ ಉಬುಂಟು ಒಂದು ಚಿತ್ರ ತೋರಿಸಿ ಹಿಂದಿನ ಮಾತುಗಳನ್ನು ಮುಚ್ಚಿಡುತ್ತದೆ. ಆಗ ಎಸ್ಕೇಪ್ ಕೀ ಒತ್ತಿ. ಚಿತ್ರ ಸರಿದು ಸಾಲುಗಳು ಕಾಣುತ್ತವೆ. ಏನು ಕಂಡಿತು ಎಂಬುದರ ಮೇಲೆ ಮುಂದಿನ ದಾರಿ.

ಆಫ್ ಒತ್ತಿದರೂ ಡೆಸ್ಕ್‌ಟಾಪ್ ಹಾಗೇ ಇದ್ದು, ಒಂದು ಕಿಟಕಿ ತೆರೆದು ಏನೋ ಕೇಳಿದರೆ ಯಾರೋ ಮೊದಲೇ ತಡೆ ಹಾಕಿದ್ದಾರೆ ಎಂದರ್ಥ. ಅದಕ್ಕೆ ಹೆಜ್ಜೆ 2.

'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್' ಎಂದು ಶುರುವಾಗುವ ಸಾಲು, ಪಕ್ಕದಲ್ಲಿ ಓಡುವ ಸಮಯ, '1 ಮಿನಿಟ್ 30 ಸೆಕೆಂಡ್' ಎಂಬ ಗಡುವು. ಇದೇ ಜಾಸ್ತಿ ಕಾಣುವುದು. 'ಫಾರ್' ಆದ ಮೇಲೆ ಬರುವ ಮಾತುಗಳನ್ನು ಫೋಟೋ ತೆಗೆದಿಡಿ. ಹೆಜ್ಜೆ 3ಕ್ಕೆ ಹೋಗಿ.

'ವೇಟಿಂಗ್ ಫಾರ್ ಪ್ರೋಸೆಸ್' ಎಂದು ಬಂದು ಒಂದು ಹೆಸರು ಕಂಡರೆ ಎಲ್ಲ ಸರ್ವಿಸುಗಳೂ (ತೆರೆಮರೆಯಲ್ಲಿ ಓಡುವ ಪ್ರೋಗ್ರಾಮುಗಳು) ನಿಂತ ಮೇಲೆ ಉಳಿದುಕೊಂಡ ಒಂಟಿ ಪ್ರೋಗ್ರಾಮು ಅದು. ಕಳ್ಳನ ಹೆಸರು ಅಲ್ಲೇ ಸಿಕ್ಕಿತು.

'ರೀಚ್ಡ್ ಟಾರ್ಗೆಟ್' ಎಂದು ಶುರುವಾಗಿ 'ಪವರ್ ಆಫ್' ಎಂದು ಮುಗಿಯುವ ಸಾಲು ಬಂದ ಮೇಲೂ ಫ್ಯಾನ್ ತಿರುಗುತ್ತಲೇ ಇದ್ದರೆ ತಪ್ಪು ಹೆಚ್ಚಾಗಿ ಪ್ರೋಗ್ರಾಮಿನದಲ್ಲ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಹೆಜ್ಜೆ 2: ಬಾಗಿಲಲ್ಲೇ ತಡೆದವರು ಯಾರು

ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮು 'ಈಗ ಆಫ್ ಮಾಡಬೇಡಿ' ಎಂದು ಮೊದಲೇ ಹೇಳಿಟ್ಟುಕೊಳ್ಳಬಹುದು. ಅದಕ್ಕೆ ಇನ್‌ಹಿಬಿಟರ್ ಎನ್ನುತ್ತಾರೆ. ಈಗ ಯಾರು ತಡೆ ಹಾಕಿದ್ದಾರೆ ಎಂದು ನೋಡಲು ಹೀಗೆ ಹೊಡೆಯಿರಿ.

ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್

ಒಂದು ಪಟ್ಟಿ ಬರುತ್ತದೆ. ಕೊನೆಯ ಅಂಕಣದಲ್ಲಿ 'ಡಿಲೇ' ಎಂದಿದ್ದರೆ ಚಿಂತೆ ಬೇಡ. ಅದು ಸ್ವಲ್ಪ ಹೊತ್ತು ಕೇಳುತ್ತದೆ ಅಷ್ಟೆ, ಸಾಮಾನ್ಯವಾಗಿ ಐದು ಸೆಕೆಂಡು, ಉಬುಂಟುವಿನಲ್ಲಿ ಮೂವತ್ತರವರೆಗೂ ಆಗಬಹುದು. ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಮು, ಬ್ಯಾಟರಿ ನೋಡಿಕೊಳ್ಳುವ ಪ್ರೋಗ್ರಾಮು ಎಲ್ಲವೂ ಅಲ್ಲಿರುತ್ತವೆ. 'ಬ್ಲಾಕ್' ಎಂದಿದ್ದು, ಅದೇ ಸಾಲಿನಲ್ಲಿ 'ಶಟ್‌ಡೌನ್' ಎಂದೂ ಇದ್ದರೆ ಅದೇ ತಡೆ. ಸಾಲಿನ ಮೊದಲಿಗೆ ಯಾವ ಪ್ರೋಗ್ರಾಮು, ಯಾವ ಬಳಕೆದಾರ ಎಂದು ಬರೆದಿರುತ್ತದೆ. ಸಿಡಿ ಬರೆಯುವ, ವೀಡಿಯೋ ಪರಿವರ್ತಿಸುವ, ಬ್ಯಾಕಪ್ ಮಾಡುವ ಪ್ರೋಗ್ರಾಮುಗಳು ಇಂಥ ತಡೆ ಹಾಕುವುದು ನ್ಯಾಯವೇ. ಅವನ್ನು ಮುಗಿಯಲು ಬಿಡಿ, ಅಥವಾ ತೆರೆದು ನೀವೇ ನಿಲ್ಲಿಸಿ.

ಶಾಲೆಯ ಲ್ಯಾಬಿನಲ್ಲಿ ಇನ್ನೊಂದು ಕಾರಣ ಪದೇ ಪದೇ ಬರುತ್ತದೆ. ಹಿಂದಿನ ಪೀರಿಯಡಿನ ಮಗು ಲಾಗ್ ಔಟ್ ಮಾಡದೆ, ಸ್ವಿಚ್ ಯೂಸರ್ ಒತ್ತಿ ಎದ್ದು ಹೋಗಿರುತ್ತದೆ. ಆಮೇಲೆ ನೀವು ಆಫ್ ಒತ್ತಿದರೆ 'ಬೇರೆಯವರು ಲಾಗಿನ್ ಆಗಿದ್ದಾರೆ' ಎಂದು ಪಾಸ್‌ವರ್ಡ್ ಕೇಳುತ್ತದೆ. 'ಲಾಗಿನ್‌ಸಿಟಿಎಲ್ ಲಿಸ್ಟ್-ಸೆಶನ್ಸ್' ಎಂದು ಹೊಡೆದರೆ ಯಾರ್ಯಾರು ಒಳಗಿದ್ದಾರೆ ಎಂದು ಕಾಣುತ್ತದೆ. ಆ ಮಗುವಿನ ಕಡತ ಸೇವ್ ಆಗಿದೆಯೇ ಎಂದು ನೋಡದೆ ಸುಮ್ನೆ ಮುಂದುವರಿಯಬೇಡಿ. ಪ್ರಾಜೆಕ್ಟ್ ಹೋದರೆ ಅದು ಅಳುತ್ತದೆ.

ಹೆಜ್ಜೆ 3: ನಿನ್ನೆಯ ಲಾಗ್ ತೆರೆಯಿರಿ

ಕಂಪ್ಯೂಟರನ್ನು ತಾನಾಗಿ ಆಫ್ ಆಗಲು ಬಿಟ್ಟು, ಮತ್ತೆ ಆನ್ ಮಾಡಿ. ಟರ್ಮಿನಲ್ ತೆರೆದು ಇದನ್ನು ಹೊಡೆಯಿರಿ.

ಸುಡೋ ಜರ್ನಲ್‌ಸಿಟಿಎಲ್ -ಬಿ -1 -ಇ

ಸುಡೋ ಎಂದರೆ ಎಸ್, ಯು, ಡಿ, ಒ. ಅಡ್ಮಿನ್ ಹಕ್ಕಿನಿಂದ ಓಡಿಸು ಎಂದರ್ಥ, ಪಾಸ್‌ವರ್ಡ್ ಕೇಳುತ್ತದೆ. '-ಬಿ -1' ಎಂದರೆ ಹಿಂದಿನ ಸಲ ಆನ್ ಆಗಿ ಆಫ್ ಆಗುವವರೆಗಿನ ಲಾಗ್. '-ಇ' ಎಂದರೆ ನೇರವಾಗಿ ಕೊನೆಗೆ ಹೋಗು. ಬಾಣದ ಕೀಲಿ ಒತ್ತಿ ಮೇಲಕ್ಕೆ ಹೋಗುತ್ತಾ ಎಡಬದಿಯ ಸಮಯ ನೋಡಿ. ಸಾಲುಗಳು ಒಂದೇ ಸೆಕೆಂಡಿನಲ್ಲಿ ಹತ್ತಿಪ್ಪತ್ತು ಬಂದಿರುತ್ತವೆ. ಎಲ್ಲೋ ಒಂದು ಕಡೆ ಸಮಯ ಒಂದೂವರೆ ನಿಮಿಷ ಹಾರಿರುತ್ತದೆ. ಆ ಹಾರಿದ ಜಾಗದ ಕೆಳಗಿನ ಸಾಲೇ ನಿಮಗೆ ಬೇಕಾದದ್ದು. ಅಲ್ಲಿ 'ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್. ಕಿಲ್ಲಿಂಗ್' ಎಂದಿರುತ್ತದೆ. ಹೊರಡು ಎಂದರೆ ಹೊರಡಲಿಲ್ಲ, ಎಬ್ಬಿಸುತ್ತಿದ್ದೇನೆ ಎಂದು ಅರ್ಥ. ಅದರ ಕೆಳಗೆ 'ಕಿಲ್ಲಿಂಗ್ ಪ್ರೋಸೆಸ್', ಒಂದು ನಂಬರ್, ಒಂದು ಹೆಸರು. ಆ ಹೆಸರೇ ಉತ್ತರ.

ಮೇಲೆ ಕೆಳಗೆ ಹುಡುಕಲು ಬೇಜಾರಾದರೆ ಹೀಗೆ.

ಸುಡೋ ಜರ್ನಲ್‌ಸಿಟಿಎಲ್ -ಬಿ -1 | ಗ್ರೆಪ್ -ಐ ಸಿಗ್‌ಕಿಲ್

ಗ್ರೆಪ್ ಎಂದರೆ ಜಿ, ಆರ್, ಇ, ಪಿ. ಹೇಳಿದ ಪದ ಇರುವ ಸಾಲುಗಳನ್ನು ಮಾತ್ರ ಅದು ತೋರಿಸುತ್ತದೆ. ನಡುವೆ ಇರುವುದು ನೆಟ್ಟಗಿನ ಗೆರೆ. ಎಂಟರ್ ಕೀಲಿಯ ಹತ್ತಿರ ಇರುತ್ತದೆ, ಶಿಫ್ಟ್ ಹಿಡಿದು ಒತ್ತಬೇಕು. ಸಿಗ್‌ಕಿಲ್ ಎಂದರೆ ಎಸ್, ಐ, ಜಿ ಆದ ಮೇಲೆ ಕಿಲ್, ಎರಡು ಎಲ್. ಒಂದು ದಿನದ ಲಾಗ್ ನೋಡಿ ತೀರ್ಮಾನಿಸಬೇಡಿ. '-1' ಇದ್ದಲ್ಲಿ '-2', '-3' ಹಾಕಿ ಹಿಂದಿನ ದಿನಗಳನ್ನೂ ನೋಡಿ. ಮೂರು ದಿನವೂ ಒಂದೇ ಹೆಸರು ಬಂದರೆ ಅನುಮಾನ ಬೇಡ.

ಹಿಂದಿನ ಲಾಗ್ ಇಲ್ಲವೇ ಇಲ್ಲ ಎಂದು ಉತ್ತರ ಬಂದರೆ ನಿಮ್ಮ ಕಂಪ್ಯೂಟರ್ ಲಾಗನ್ನು ಮೆಮೊರಿಯಲ್ಲಿ ಮಾತ್ರ ಇಡುತ್ತಿದೆ. 'ಸುಡೋ ಎಂಕೆಡಿಐಆರ್ -ಪಿ /ವಾರ್/ಲಾಗ್/ಜರ್ನಲ್' ಎಂದು ಹೊಡೆದು ಆ ಫೋಲ್ಡರ್ ಮಾಡಿ. ವಾರ್ ಎಂದರೆ ವಿ, ಎ, ಆರ್. ಒಮ್ಮೆ ರೀಸ್ಟಾರ್ಟ್ ಮಾಡಿದ ಮೇಲೆ ಲಾಗ್ ಡಿಸ್ಕಿನಲ್ಲಿ ಉಳಿಯುತ್ತದೆ.

ಹೆಜ್ಜೆ 4: 'ಯೂಸರ್ ಮ್ಯಾನೇಜರ್' ಎಂದು ಮಾತ್ರ ಕಂಡರೆ

ಹೆಚ್ಚಿನವರು ಸೋತು ಕೂರುವುದು ಇಲ್ಲಿ. ಪರದೆಯಲ್ಲಿ 'ಯೂಸರ್ ಮ್ಯಾನೇಜರ್ ಫಾರ್ ಯುಐಡಿ 1000' ಎಂದು ಬರುತ್ತದೆ. 1000 ಎಂದರೆ ಆ ಕಂಪ್ಯೂಟರಿನಲ್ಲಿ ಮೊದಲು ಮಾಡಿದ ಬಳಕೆದಾರ, ಅಂದರೆ ಹೆಚ್ಚಾಗಿ ನೀವೇ. ಯೂಸರ್ ಮ್ಯಾನೇಜರ್ ತಾನು ತಪ್ಪಿತಸ್ಥ ಅಲ್ಲ. ನಿಮ್ಮ ಲಾಗಿನ್ನಿನ ಕೆಳಗೆ ಓಡುವ ಪ್ರೋಗ್ರಾಮುಗಳನ್ನು ಅದು ನೋಡಿಕೊಳ್ಳುತ್ತದೆ. ಒಳಗಿನ ಯಾವುದೋ ಒಂದು ಹೊರಡುತ್ತಿಲ್ಲ. ಅದನ್ನು ಹಿಡಿಯಬೇಕು. ಹೊಸ ಆವೃತ್ತಿಗಳಲ್ಲಿ ಇದಕ್ಕೆ 90 ಸೆಕೆಂಡಲ್ಲ, ಎರಡು ನಿಮಿಷದ ಗಡುವು ಕಾಣಬಹುದು.

ಮೊದಲು ಮೇಲಿನ ಸಿಗ್‌ಕಿಲ್ ಹುಡುಕಾಟ. ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಲಾಗ್ ಔಟ್ ಪರೀಕ್ಷೆ ಮಾಡಿ. ಇದಕ್ಕೆ ಅಡ್ಮಿನ್ ಹಕ್ಕಿರುವ ಇನ್ನೊಂದು ಬಳಕೆದಾರ ಹೆಸರು ಬೇಕು. ಎಂದಿನಂತೆ ಲಾಗಿನ್ ಆಗಿ, ದಿನಾ ತೆರೆಯುವ ಪ್ರೋಗ್ರಾಮುಗಳನ್ನೆಲ್ಲ ತೆರೆದು, ಸ್ವಲ್ಪ ಹೊತ್ತು ಕೆಲಸ ಮಾಡಿ. ಆಮೇಲೆ ಆಫ್ ಮಾಡುವ ಬದಲು ಲಾಗ್ ಔಟ್ ಮಾಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಇನ್ನೊಂದು ಹೆಸರಿನಿಂದ ಲಾಗಿನ್ ಆಗಿ ಹೀಗೆ ಹೊಡೆಯಿರಿ.

ಲಾಗಿನ್‌ಸಿಟಿಎಲ್ ಯೂಸರ್-ಸ್ಟೇಟಸ್ ನಿಮ್ಮಹೆಸರು

'ನಿಮ್ಮಹೆಸರು' ಎಂದಲ್ಲಿ ಮೊದಲಿನ ಬಳಕೆದಾರನ ಹೆಸರು. ಲಾಗ್ ಔಟ್ ಆಗಿ ಹತ್ತು ಸೆಕೆಂಡು ಕಳೆದಿದ್ದರೆ ಆ ಹೆಸರಿನ ಕೆಳಗೆ ಏನೂ ಉಳಿದಿರಬಾರದು. ಉಳಿದಿದ್ದರೆ ಮರದ ಕೊಂಬೆಗಳ ಹಾಗೆ ಒಂದೊಂದು ಪ್ರೋಗ್ರಾಮೂ ನಂಬರಿನ ಜೊತೆ ಕಾಣುತ್ತದೆ. ಅದರಲ್ಲಿ ಒಂದೊಂದನ್ನೇ 'ಸುಡೋ ಕಿಲ್' ಎಂದು ಬರೆದು, ನಂಬರ್ ಹಾಕಿ ಕಳಿಸಿ ನೋಡಿ. ಸುಮ್ನೆ ಕಿಲ್ ಎಂದರೆ ಹೋಗುವುದು ಸಿಗ್‌ಟರ್ಮ್, ಅಂದರೆ ಆಫ್ ಆಗುವಾಗ ಬರುವ ಅದೇ ವಿನಯದ ಸೂಚನೆ. ಮತ್ತೆ ಪಟ್ಟಿ ನೋಡಿ. ಹೋಯಿತೇ? ಅದು ಒಳ್ಳೆಯದು. ಹೋಗದೆ ಉಳಿಯಿತೇ? ಅದೇ.

ಪ್ರತಿ ದಿನ ಸಂಜೆ ಬ್ಯಾಕಪ್ ಆಗಲಿ ಎಂದು ನಾನು ಬರೆದಿಟ್ಟ ಒಂದು ಸಣ್ಣ ಸ್ಕ್ರಿಪ್ಟ್ ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತ್ತು. ನಡುವೆ ನಿಲ್ಲಬಾರದು ಎಂದು 'ಟ್ರ್ಯಾಪ್' ಆಜ್ಞೆ ಬಳಸಿ ಸಿಗ್‌ಟರ್ಮ್ ಕೇಳಿಸಿಕೊಳ್ಳದಂತೆ ಮಾಡಿದ್ದೆ. ಅದು ಹೇಳಿದಂತೆಯೇ ಮಾಡುತ್ತಿತ್ತು, ದಿನಾ ಕಂಪ್ಯೂಟರನ್ನು ಒಂದೂವರೆ ನಿಮಿಷ ಹಿಡಿದಿಡುತ್ತಿತ್ತು. ನಿಮ್ಮದೇ ಸ್ಕ್ರಿಪ್ಟ್ ಇದ್ದರೆ ಟ್ರ್ಯಾಪ್ ಸಾಲನ್ನು ನೋಡಿ. ಸೂಚನೆಯನ್ನು ತಿಂದುಹಾಕುವ ಬದಲು, ಸೂಚನೆ ಬಂದಾಗ ಕೈಯಲ್ಲಿದ್ದ ಕಡತ ಮುಗಿಸಿ ಹೊರಡುವಂತೆ ಬರೆಯಿರಿ.

ಪದೇ ಪದೇ ಸಿಕ್ಕಿಬೀಳುವವರು

ಪ್ರಿಂಟರ್ ಮೊದಲು. 'ಮೇಕ್ ರಿಮೋಟ್ ಕಪ್ಸ್ ಪ್ರಿಂಟರ್ಸ್ ಅವೈಲಬಲ್ ಲೋಕಲಿ' ಎಂಬ ಉದ್ದದ ಸಾಲು ಕಂಡರೆ ಅದು ಕಪ್ಸ್-ಬ್ರೌಸ್ಡ್ ಎಂಬ ಸರ್ವಿಸ್. ನೆಟ್‌ವರ್ಕಿನಲ್ಲಿ ಬೇರೆ ಕಡೆ ಇರುವ ಪ್ರಿಂಟರುಗಳನ್ನು ಹುಡುಕಿ ಪಟ್ಟಿಗೆ ಸೇರಿಸುವುದು ಅದರ ಕೆಲಸ. ಟೀಚರ ಫೋಟೋದಲ್ಲಿ ಇದ್ದದ್ದೂ ಇದೇ. ಅವರ ಪ್ರಿಂಟರ್ ಯುಎಸ್‌ಬಿ ವೈರಿನಲ್ಲಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿದ್ದು. ಹಾಗಿದ್ದವರಿಗೆ ಈ ಹುಡುಕಾಟದ ಅಗತ್ಯ ಇಲ್ಲ.

ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್

ಕಪ್ಸ್ ಎಂದರೆ ಸಿ, ಯು, ಪಿ, ಎಸ್. ಬ್ರೌಸ್ಡ್ ಎಂದರೆ 'ಬ್ರೌಸ್' ಪದದ ಕೊನೆಗೆ ಡಿ. ಇದಾದ ಮೇಲೆ ಒಂದು ಪುಟ ಪ್ರಿಂಟ್ ಕೊಟ್ಟು ನೋಡಿ. ಮುದ್ರಣ ಮಾಡುವುದು ಕಪ್ಸ್ ಎಂಬ ಬೇರೆಯೇ ಸರ್ವಿಸ್, ಅದನ್ನು ನಾವು ಮುಟ್ಟಿಲ್ಲ. ವೈಫೈ ಪ್ರಿಂಟರ್ ಇರುವವರು ಈ ಸರ್ವಿಸನ್ನು ನಿಲ್ಲಿಸಬೇಡಿ. ಗಡುವು ಕಡಿಮೆ ಮಾಡಿದರೆ ಸಾಕು. ಹೇಗೆಂದು ಹೆಜ್ಜೆ 5ರಲ್ಲಿದೆ.

ಎರಡನೆಯದು ಪೆನ್‌ಡ್ರೈವ್. ಇಡೀ ರಾತ್ರಿಯ ಆಟದ ವೀಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆವು ಎಂದಿಟ್ಟುಕೊಳ್ಳಿ. ನೂರು ಶೇಕಡಾ ಆಯಿತು ಎಂದು ಕಿಟಕಿ ಮುಚ್ಚುತ್ತದೆ. ನಿಜವಾಗಿ ಆಗಿರುವುದಿಲ್ಲ. ಲಿನಕ್ಸ್ ಕಡತವನ್ನು ಮೊದಲು ಮೆಮೊರಿಗೆ ತೆಗೆದುಕೊಂಡು, ನಿಧಾನದ ಪೆನ್‌ಡ್ರೈವಿಗೆ ಆಮೇಲೆ ಬರೆಯುತ್ತಾ ಹೋಗುತ್ತದೆ. ಆಗ ಆಫ್ ಒತ್ತಿದರೆ ಬರೆದು ಮುಗಿಯುವವರೆಗೆ ಕಾಯಲೇಬೇಕು. ಎಷ್ಟು ಉಳಿದಿದೆ ಎಂದು ನೋಡಬಹುದು.

ಗ್ರೆಪ್ -ಇ ಡರ್ಟಿ -ಇ ರೈಟ್‌ಬ್ಯಾಕ್ /ಪ್ರೋಕ್/ಮೆಮ್‌ಇನ್ಫೋ

ಡರ್ಟಿಯ ಡಿ, ರೈಟ್‌ಬ್ಯಾಕಿನ ಡಬ್ಲ್ಯೂ ದೊಡ್ಡ ಅಕ್ಷರ. ಪ್ರೋಕ್ ಎಂದರೆ ಪಿ, ಆರ್, ಒ, ಸಿ. ಲಕ್ಷಗಳಲ್ಲಿ ಕೆಬಿ ಕಂಡರೆ ಇನ್ನೂ ಬರೆಯುತ್ತಿದೆ. ಸಿಂಕ್ ಎಂಬ ಆಜ್ಞೆ ಕೊಟ್ಟರೆ ಎಲ್ಲ ಬರೆದು ಮುಗಿದ ಮೇಲೆಯೇ ಅದು ವಾಪಸ್ ಬರುತ್ತದೆ. ಎಸ್, ವೈ, ಎನ್, ಸಿ, ಅಷ್ಟೆ. ಇಲ್ಲಿ ತಾಳ್ಮೆಯೇ ಮದ್ದು, ಬಲವಂತದಿಂದ ಆಫ್ ಮಾಡಿದರೆ ವೀಡಿಯೋ ಅರ್ಧವಾಗುತ್ತದೆ.

ಮೂರನೆಯದು ತಾನಾಗಿ ಆಗುವ ಅಪ್‌ಡೇಟ್. ಉಬುಂಟು ಭದ್ರತೆಯ ಅಪ್‌ಡೇಟುಗಳನ್ನು ತೆರೆಮರೆಯಲ್ಲಿ ಹಾಕಿಕೊಳ್ಳುತ್ತದೆ. ನಡುವೆ ಆಫ್ ಒತ್ತಿದರೆ ಅದು ಮುಗಿಸಲು ಅರ್ಧ ಗಂಟೆಯವರೆಗೂ ಸಮಯ ಕೇಳಬಹುದು. 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂದು ಕಂಡರೆ ದಯವಿಟ್ಟು ಕಾಯಿರಿ. ಇಲ್ಲಿ ಮಾತ್ರ ನಾನು ತುಂಬ ಗಟ್ಟಿಯಾಗಿ ಹೇಳುತ್ತೇನೆ. ಅರ್ಧ ಹಾಕಿದ ಅಪ್‌ಡೇಟಿನಿಂದ ಮರುದಿನ ಕಂಪ್ಯೂಟರ್ ಏಳದೇ ಹೋಗಬಹುದು. ಕರೆಂಟು ಹೋಗಿ ಹಾಗೆ ಆಗಿಯೇಬಿಟ್ಟಿದ್ದರೆ ಆನ್ ಆದ ಕೂಡಲೇ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಎಂದು ಹೊಡೆಯಿರಿ. ಅರ್ಧಕ್ಕೆ ನಿಂತದ್ದನ್ನು ಅದು ಮುಂದುವರಿಸುತ್ತದೆ. ಕರೆಂಟು ಪದೇ ಪದೇ ಹೋಗುವ ಮಳೆಗಾಲದಲ್ಲಿ ಬೆಳಗ್ಗೆ ಲ್ಯಾಬ್ ತೆರೆದ ಕೂಡಲೇ ಕೈಯಾರೆ ಅಪ್‌ಡೇಟ್ ಮಾಡಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಇನ್ನೊಂದು ಕಂಪ್ಯೂಟರಿನ ಫೋಲ್ಡರ್. ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಪಾಠಗಳನ್ನಿಟ್ಟು, ಉಳಿದವು ಅದನ್ನು ನೆಟ್‌ವರ್ಕಿನಿಂದ ತೆರೆಯುವ ವ್ಯವಸ್ಥೆ ಇರುತ್ತದಲ್ಲ. ಎಲ್ಲವನ್ನೂ ಆಫ್ ಮಾಡುವಾಗ ಆ ಮುಖ್ಯ ಕಂಪ್ಯೂಟರನ್ನೇ ಮೊದಲು ಆಫ್ ಮಾಡಿದರೆ ಉಳಿದವು ಸಿಕ್ಕಿಕೊಳ್ಳುತ್ತವೆ. ಫೋಲ್ಡರನ್ನು ಮುಚ್ಚಲು ಅವು ಅತ್ತ ಕಡೆ ಕೇಳುತ್ತವೆ, ಉತ್ತರ ಕೊಡುವವರಿಲ್ಲ. ಮಕ್ಕಳ ಕಂಪ್ಯೂಟರ್ ಮೊದಲು, ಮುಖ್ಯದ್ದು ಕೊನೆಗೆ. ಈ ಕ್ರಮ ಒಂದನ್ನೇ ಸರಿ ಮಾಡಿದರೆ ಸಾಕಾಗುವ ಲ್ಯಾಬುಗಳಿವೆ. ವೈಫೈಯಲ್ಲಿ ಇದೇ ತೊಂದರೆ ಇನ್ನೊಂದು ರೀತಿ ಬರುತ್ತದೆ. ವೈಫೈ ಸಂಪರ್ಕವನ್ನು ನಿಮ್ಮ ಲಾಗಿನ್ನಿಗೆ ಮಾತ್ರ ಸೇರಿಸಿಟ್ಟಿದ್ದರೆ, ಲಾಗ್ ಔಟ್ ಆದ ಕೂಡಲೇ ವೈಫೈ ಹೋಗುತ್ತದೆ, ಫೋಲ್ಡರ್ ಮುಚ್ಚುವ ಕೆಲಸ ಬಾಕಿ ಉಳಿಯುತ್ತದೆ. ವೈಫೈ ಸೆಟ್ಟಿಂಗಿನಲ್ಲಿ ಬೇರೆ ಬಳಕೆದಾರರಿಗೂ ಸಿಗಲಿ ಎಂಬ ಗುರುತು ಹಾಕಿ. ಯಾವ ಡಿಸ್ಕು, ಫೋಲ್ಡರುಗಳನ್ನು ಜೋಡಿಸಬೇಕು ಎಂದು ಬರೆದಿಡುವ ಎಫ್‌ಸ್ಟ್ಯಾಬ್ ಕಡತದಲ್ಲಿ ಆ ಫೋಲ್ಡರಿನ ಸಾಲಿಗೆ '_ನೆಟ್‌ಡೆವ್' ಎಂಬ ಆಯ್ಕೆ ಸೇರಿಸಿ. ಆಗ ನೆಟ್‌ವರ್ಕ್ ನಿಲ್ಲುವ ಮೊದಲೇ ಫೋಲ್ಡರ್ ಮುಚ್ಚಬೇಕು ಎಂದು ಸಿಸ್ಟಮ್‌ಡಿಗೆ ತಿಳಿಯುತ್ತದೆ.

ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ, ಅದರ ಬಗ್ಗೆ ಒಂದು ಮಾತು. ಹಳೆಯ ಕಂಪ್ಯೂಟರಿನಲ್ಲಿ ಮೆಮೊರಿ ತುಂಬಿ ಸ್ವಾಪಿಗೆ ಹರಿದಿದ್ದರೆ ಅದನ್ನು ಹಿಂದೆ ತರುವುದಕ್ಕೂ ಹೊತ್ತು ಹಿಡಿಯುತ್ತದೆ. ಬ್ರೌಸರ್ ಮುಚ್ಚಿ ಆಮೇಲೆ ಆಫ್ ಒತ್ತಿ.

ಹೆಜ್ಜೆ 5: ಆ ಒಂದಕ್ಕೆ ಮಾತ್ರ ಗಡುವು ಕಡಿಮೆ ಮಾಡಿ

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುವ ಸಲಹೆ, ಎಲ್ಲ ಪ್ರೋಗ್ರಾಮುಗಳ ಗಡುವನ್ನೂ ಒಟ್ಟಿಗೆ 5 ಅಥವಾ 10 ಸೆಕೆಂಡಿಗೆ ಇಳಿಸಿ ಎಂಬುದು. ನನಗೆ ಅದು ಸರಿ ಕಾಣುವುದಿಲ್ಲ. ತಪ್ಪು ಮಾಡಿದ್ದು ಒಬ್ಬ, ಓಡಿಸುವುದು ಎಲ್ಲರನ್ನೂ. ಡೇಟಾಬೇಸ್, ವರ್ಚುವಲ್ ಮಷೀನ್, ಅಪ್‌ಡೇಟ್ ಇವುಗಳಿಗೆ ನಿಜವಾಗಿಯೂ ಸಮಯ ಬೇಕು. ಫೆಡೋರಾದವರು ಕೂಡ 38ನೇ ಆವೃತ್ತಿಯಲ್ಲಿ ಒಟ್ಟು ಗಡುವನ್ನು 45 ಸೆಕೆಂಡಿಗೆ ಮಾತ್ರ ಇಳಿಸಿದರು.

ಹೆಸರು ಸಿಕ್ಕಿದ ಮೇಲೆ ಮೊದಲು ಆ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿ. ಎಷ್ಟೋ ಸಲ ಹೊಸ ಆವೃತ್ತಿಯಲ್ಲಿ ತೊಂದರೆ ಸರಿಯಾಗಿರುತ್ತದೆ. ಬೇಡದ್ದಾದರೆ ಡಿಸೇಬಲ್ ಮಾಡಿ. ಬೇಕೇ ಬೇಕು, ಆದರೆ ಹೊರಡುವುದಿಲ್ಲ ಎಂದಾದರೆ ಅದರ ಗಡುವು ಮಾತ್ರ ಇಳಿಸಿ. ಕಪ್ಸ್-ಬ್ರೌಸ್ಡ್ ಉದಾಹರಣೆ ಹಿಡಿದರೆ ಹೀಗೆ.

ಸುಡೋ ಸಿಸ್ಟಮ್‌ಸಿಟಿಎಲ್ ಎಡಿಟ್ ಕಪ್ಸ್-ಬ್ರೌಸ್ಡ್.ಸರ್ವಿಸ್

ಒಂದು ಬರೆಯುವ ಪರದೆ ತೆರೆಯುತ್ತದೆ. ಮೇಲಿನ ಎರಡು ಸೂಚನೆಗಳ ನಡುವಿನ ಖಾಲಿ ಜಾಗದಲ್ಲಿ ಈ ಎರಡು ಸಾಲು ಹಾಕಿ.

[ಸರ್ವಿಸ್]
ಟೈಮ್‌ಔಟ್‌ಸ್ಟಾಪ್‌ಸೆಕ್=10

ಸರ್ವಿಸ್ ಪದದ ಎಸ್ ದೊಡ್ಡದು, ಚೌಕ ಆವರಣ ಬಿಡಬೇಡಿ. ಎರಡನೇ ಸಾಲಿನಲ್ಲಿ ಟೈಮ್‌ಔಟ್‌ನ ಟಿ, ಸ್ಟಾಪ್‌ನ ಎಸ್, ಸೆಕ್‌ನ ಎಸ್ ದೊಡ್ಡ ಅಕ್ಷರ, ನಡುವೆ ಎಲ್ಲೂ ಜಾಗ ಇಲ್ಲ. ಕಂಟ್ರೋಲ್ ಒ, ಎಂಟರ್ ಒತ್ತಿ ಸೇವ್ ಮಾಡಿ, ಕಂಟ್ರೋಲ್ ಎಕ್ಸ್ ಒತ್ತಿ ಹೊರಗೆ ಬನ್ನಿ. ಮೂಲ ಕಡತ ಹಾಗೇ ಉಳಿದಿರುತ್ತದೆ. ಬೇಡವಾದರೆ 'ಸುಡೋ ಸಿಸ್ಟಮ್‌ಸಿಟಿಎಲ್ ರಿವರ್ಟ್' ಎಂದು ಬರೆದು ಸರ್ವಿಸಿನ ಹೆಸರು ಹಾಕಿ. ಮೊದಲಿನಂತಾಗುತ್ತದೆ.

ಹೆಜ್ಜೆ 6: ಲಾಗಿನಲ್ಲೂ ಸಿಗದಿದ್ದರೆ, ಆಗುತ್ತಿರುವಾಗಲೇ ನೋಡಿ

ಕೆಲವು ಪ್ರಕರಣಗಳಲ್ಲಿ ಲಾಗ್ ಬರೆಯುವ ಪ್ರೋಗ್ರಾಮೇ ನಿಂತ ಮೇಲೆ ತೊಂದರೆ ಶುರುವಾಗುತ್ತದೆ. ಆಗ ಒಳಗೆ ಹೋಗಿ ನೋಡಲು ಸಿಸ್ಟಮ್‌ಡಿಯಲ್ಲೇ ಒಂದು ಕಿಟಕಿ ಇದೆ. ಆಫ್ ಒತ್ತುವ ಮೊದಲು ಇದನ್ನು ಹೊಡೆಯಿರಿ.

ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಡೀಬಗ್-ಶೆಲ್

ಈಗ ಆಫ್ ಒತ್ತಿ. ಸಿಕ್ಕಿಕೊಂಡಾಗ ಕಂಟ್ರೋಲ್, ಆಲ್ಟ್, ಎಫ್9 ಒತ್ತಿ. ಒಂದು ಟರ್ಮಿನಲ್ ಸಿಗುತ್ತದೆ. ಅಲ್ಲಿ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್' ಎಂದರೆ ಯಾವ ಕೆಲಸ ಇನ್ನೂ ನಡೆಯುತ್ತಿದೆ ಎಂದು ಪಟ್ಟಿ ಬರುತ್ತದೆ. 'ರನ್ನಿಂಗ್' ಎಂದಿರುವುದೇ ಹಿಡಿದಿಟ್ಟದ್ದು, 'ವೇಟಿಂಗ್' ಎಂದಿರುವವು ಅದರ ಹಿಂದೆ ಸಾಲು ನಿಂತವು.

ಇನ್ನೊಂದು ಆಜ್ಞೆ 'ಪಿಎಸ್ -ಇಒ ಪಿಐಡಿ,ಸ್ಟ್ಯಾಟ್,ಕಾಮ್'. ಸ್ಟ್ಯಾಟ್ ಎಂದರೆ ಎಸ್, ಟಿ, ಎ, ಟಿ. ಕಾಮ್ ಎಂದರೆ ಸಿ, ಒ, ಎಂ, ಎಂ. ನಡುವಿನ ಅಂಕಣದಲ್ಲಿ ಡಿ ಎಂದು ಶುರುವಾಗುವ ಸಾಲು ಒಂದೇ ಕಡೆ ಅಲುಗಾಡದೆ ನಿಂತಿದ್ದರೆ ಗಮನಿಸಿ. ಆ ಪ್ರೋಗ್ರಾಮು ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಉತ್ತರಕ್ಕೆ ಕಾಯುತ್ತಿದೆ. ಆ ಸ್ಥಿತಿಯಲ್ಲಿ ಸಿಗ್‌ಕಿಲ್ ಕೂಡ ಅದಕ್ಕೆ ತಾಗುವುದಿಲ್ಲ. ಪ್ರೋಗ್ರಾಮನ್ನು ಬೈದು ಪ್ರಯೋಜನ ಇಲ್ಲ. ಅದು ಕಾಯುತ್ತಿರುವ ವಸ್ತುವನ್ನು ನೋಡಿ. ಸಾಯುತ್ತಿರುವ ಹಾರ್ಡ್ ಡಿಸ್ಕ್, ಸಡಿಲ ಯುಎಸ್‌ಬಿ ವೈರು, ಆಫ್ ಆದ ಮುಖ್ಯ ಕಂಪ್ಯೂಟರ್, ಇವುಗಳಲ್ಲಿ ಒಂದಿರಬಹುದು. ಹಾರ್ಡ್ ಡಿಸ್ಕ್ ಎಂದು ಅನುಮಾನ ಬಂದರೆ ಬೇರೆಲ್ಲ ಬಿಟ್ಟು ಮೊದಲು ಕಡತಗಳ ಪ್ರತಿ ಮಾಡಿಟ್ಟುಕೊಳ್ಳಿ.

ಎಫ್9ರ ಈ ಕಿಟಕಿಗೆ ಪಾಸ್‌ವರ್ಡ್ ಇಲ್ಲ. ಯಾರು ಬಂದರೂ ಪೂರ್ಣ ಅಧಿಕಾರ. ಹಾಗಾಗಿ 'ಎನೇಬಲ್' ಎಂದು ಕೊಡಬೇಡಿ, 'ಸ್ಟಾರ್ಟ್' ಎಂದೇ ಕೊಡಿ. ಆಗ ಅದು ಆ ಒಂದು ಸಲಕ್ಕೆ ಮಾತ್ರ. ಮಕ್ಕಳ ಲ್ಯಾಬಿನಲ್ಲಿ ಇದನ್ನು ಮರೆಯಬಾರದು.

ಸಿಡಿಲು ಹತ್ತಿರ ಬಂದಾಗ

ಕಾಯಲು ಆಗದ ಹೊತ್ತೂ ಇರುತ್ತದೆ. ಆಗಲೂ ಪವರ್ ಬಟನ್ ಒತ್ತಿ ಹಿಡಿಯುವುದಕ್ಕಿಂತ ಒಳ್ಳೆಯ ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒಟ್ಟಿಗೆ ಹಿಡಿದುಕೊಂಡು ಎಸ್ ಒತ್ತಿ, ಎರಡು ಸೆಕೆಂಡು ಬಿಟ್ಟು ಯು, ಮತ್ತೆ ಎರಡು ಸೆಕೆಂಡು ಬಿಟ್ಟು ಒ. ಎಸ್ ಎಂದರೆ ಬಾಕಿ ಇರುವುದನ್ನು ಡಿಸ್ಕಿಗೆ ಬರೆ. ಯು ಎಂದರೆ ಡಿಸ್ಕನ್ನು ಓದಲು ಮಾತ್ರ ಎಂದು ಮಾಡು. ಒ ಎಂದರೆ ಆಫ್. ಇದು ನೇರ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಹೋಗುವ ಮಾತು. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲೇ ಅನುಮತಿ ಇರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಿ ಹಿಡಿಯಬೇಕಾಗುತ್ತದೆ.

ಇನ್ನೊಂದು ದಾರಿ, ಎರಡು ಸೆಕೆಂಡಿನೊಳಗೆ ಕಂಟ್ರೋಲ್, ಆಲ್ಟ್, ಡಿಲೀಟ್ ಅನ್ನು ಏಳಕ್ಕಿಂತ ಹೆಚ್ಚು ಸಲ ಒತ್ತುವುದು. ಸಿಸ್ಟಮ್‌ಡಿ ಕಾಯುವುದನ್ನು ಬಿಟ್ಟು ರೀಸ್ಟಾರ್ಟ್ ಮಾಡುತ್ತದೆ. ಮತ್ತೆ ಆನ್ ಆಗುವಾಗ ಕಂಪನಿಯ ಗುರುತು ಅಥವಾ ಗ್ರಬ್ ಮೆನು (ಯಾವ ಲಿನಕ್ಸ್ ಎಬ್ಬಿಸಬೇಕು ಎಂದು ಕೇಳುವ ಪಟ್ಟಿ) ಕಂಡ ಕ್ಷಣದಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡಿ. ಆಗ ಲಿನಕ್ಸ್ ಇನ್ನೂ ಏನನ್ನೂ ಬರೆಯಲು ಶುರು ಮಾಡಿರುವುದಿಲ್ಲ. ಸಿಡಿಲು ತಲೆಯ ಮೇಲೇ ಇದ್ದರೆ ಇದು ಯಾವುದೂ ಬೇಡ, ಕಂಪ್ಯೂಟರ್ ಮುಟ್ಟಬೇಡಿ, ವೈರಿನಿಂದ ದೂರ ಇರಿ.

'ಪವರ್ ಆಫ್' ಆದ ಮೇಲೂ ಫ್ಯಾನ್ ತಿರುಗಿದರೆ

ಪ್ರೋಗ್ರಾಮುಗಳೆಲ್ಲ ಹೊರಟಾಗಿದೆ. ಕರೆಂಟು ಕಡಿ ಎಂದು ಲಿನಕ್ಸ್ ಮದರ್‌ಬೋರ್ಡಿಗೆ ಹೇಳಿದ್ದು ಅದಕ್ಕೆ ಮುಟ್ಟುತ್ತಿಲ್ಲ. ಬಯಾಸ್, ಅಂದರೆ ಮದರ್‌ಬೋರ್ಡಿನೊಳಗಿನ ಪ್ರೋಗ್ರಾಮು, ಅದರ ಅಪ್‌ಡೇಟ್ ಇದ್ದರೆ ಮಾಡಿಸಿ. ಹೊಸ ಕರ್ನಲ್ ಬಂದ ದಿನದಿಂದ ತೊಂದರೆ ಶುರುವಾಗಿದ್ದರೆ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿ ನೋಡಿ. ಹೊರಗಿನ ಯುಎಸ್‌ಬಿ ಸಾಮಾನುಗಳನ್ನೆಲ್ಲ ಕಿತ್ತು ಒಮ್ಮೆ ಆಫ್ ಮಾಡಿ, ಆಮೇಲೆ ಒಂದೊಂದನ್ನೇ ಸಿಕ್ಕಿಸಿ ಪರೀಕ್ಷಿಸಿ. ಈ ಹಂತದಲ್ಲಿ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಕಡತಗಳಿಗೆ ತೊಂದರೆ ಇಲ್ಲ, ಡಿಸ್ಕಿನ ಕೆಲಸ ಮುಗಿದಿರುತ್ತದೆ.

ಟೀಚರ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಿದ ಮೇಲೆ ಒಂದು ವಾರ ದಿನಾ ಸಂಜೆ ಆಫ್ ಆಗುವ ಸಮಯ ಬರೆದಿಡಲು ಹೇಳಿದ್ದೆ. ಲ್ಯಾಬಿನ ರಿಜಿಸ್ಟರಿನ ಕೊನೆಯ ಪುಟದಲ್ಲಿ ತಾರೀಕು, ಆಫ್ ಒತ್ತಿದ ಹೊತ್ತು, ದೀಪ ಆರಿದ ಹೊತ್ತು ಎಂದು ಮೂರು ಅಂಕಣ ಗೀರಿ ಮಕ್ಕಳ ಕೈಯಲ್ಲೇ ಬರೆಸಿದರು. ನೀವೂ ಹಾಗೆ ಮಾಡಿ. ಒಂದು ದಿನ ಬೇಗ ಆಫ್ ಆಯಿತೆಂದು ಬಿಡಬೇಡಿ, ಪ್ರಿಂಟ್ ತೆಗೆದ ದಿನ, ಪೆನ್‌ಡ್ರೈವ್ ಹಾಕಿದ ದಿನ, ನೆಟ್‌ವರ್ಕ್ ಬಳಸಿದ ದಿನ ಮೂರನ್ನೂ ನೋಡಿ. ಮತ್ತೆ ತಡವಾದ ಸಾಲು ಕಂಡರೆ ಆ ತಾರೀಕಿನ ಲಾಗ್ ತೆರೆದು ಹೆಜ್ಜೆ 3ರಿಂದ ಹಿಡಿಯಿರಿ.